ಸಾರ್, ಇದು ಎಕ್ಸಾಮ್‌ಗೆ ಬರುತ್ತಾ?

ನಮ್ಮ ಕಡೆ ಕ್ಲಾಸಿನಲ್ಲಿ ಹುಡುಗರು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಯಾವುದು ಅಂತ ಒಂದು ಸ್ಪರ್ಧೆ ಇಟ್ಟರೆ, ಮೊದಲ ಬಹುಮಾನ ಯಾವುದಕ್ಕೆ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. "ಸಾರ್, ಇದು ಎಕ್ಸಾಮ್‌ಗೆ ಬರುತ್ತಾ?" ಹೈಸ್ಕೂಲಿನಲ್ಲಿ ಮೆಲ್ಲಗೆ ಶುರುವಾಗುವ ಈ ಪ್ರಶ್ನೆ ಪಿಯುಸಿಯಲ್ಲಿ ಜೋರಾಗುತ್ತೆ. ಇಂಜಿನಿಯರಿಂಗ್‌ಗೆ ಬರುವಷ್ಟರಲ್ಲಿ ಕೇಳುವ ಅಗತ್ಯವೂ ಇರಲ್ಲ, ಮುಖ ನೋಡಿದರೇ ಗೊತ್ತಾಗುತ್ತೆ. ಎಕ್ಸಾಮ್‌ಗೆ ಬರಲ್ಲ ಅಂದ ತಕ್ಷಣ ಅರವತ್ತು ಪೆನ್ನುಗಳು ಒಟ್ಟಿಗೆ ಕೆಳಗೆ ಇಳಿಯುತ್ತವೆ :)

ಇದನ್ನು ಕೇಳಿದಾಗ ಮೇಷ್ಟ್ರುಗಳಿಗೆ ಬೇಜಾರಾಗೋದು ಸಹಜ. "ಈಗಿನ ಹುಡುಗರಿಗೆ ಕಲಿಯೋ ಆಸೆನೇ ಇಲ್ಲ, ಬರೀ ಮಾರ್ಕ್ಸು" ಅಂತಾರೆ. ಇದೇ ಮಾತನ್ನು ನಮ್ಮ ಬ್ಲಾಗಿಗ ಮಿತ್ರರೂ ಆಗಾಗ ಬರೀತಿರ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇದು ಸೋಮಾರಿ ಹುಡುಗ ಕೇಳೋ ಪ್ರಶ್ನೆ ಅಲ್ಲ, ಸುತ್ತಮುತ್ತ ಏನು ನಡೀತಿದೆ ಅಂತ ಚೆನ್ನಾಗಿ ನೋಡಿಕೊಂಡಿರೋ ಹುಡುಗ ಕೇಳೋ ಪ್ರಶ್ನೆ. ಹುಡುಗರು ಮೇಷ್ಟ್ರ ಬಾಯಿ ನೋಡಲ್ಲ, ಕೈ ನೋಡ್ತಾರೆ. ಬಾಯಿ "ಅರ್ಥ ಮಾಡ್ಕೊಂಡು ಓದ್ರಪ್ಪಾ" ಅನ್ನುತ್ತೆ. ಕೈ ಮಾತ್ರ ಅಂಕ ಕೂಡಿ, ರಾಂಕ್ ಬರೆದು, ನೋಟೀಸ್ ಬೋರ್ಡಿಗೆ ಅಂಟಿಸುತ್ತೆ. ಹುಡುಗರು ಯಾವುದನ್ನು ನಂಬಬೇಕು ಹೇಳಿ?

ಇಷ್ಟು ದಿನ ತಲೆಯಲ್ಲಿ ಕೊರೀತಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಬೆಂಜಮಿನ್ ಬ್ಲೂಮ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞ 1968ರಲ್ಲಿ 'ಲರ್ನಿಂಗ್ ಫಾರ್ ಮಾಸ್ಟರಿ' ಅಂತ ಒಂದು ಪ್ರಬಂಧ ಬರೆದರು. ಮಾಸ್ಟರಿಗೆ ನಮ್ಮಲ್ಲಿ ಸೊಗಸಾದ ಪದ ಇದೆ, ಕರಗತ. ವಿದ್ಯೆ ಕೈಗೆ ಬಂದು ಸೇರೋದು. ಬ್ಲೂಮ್ ಹೇಳಿದ್ದು ಬಹಳ ಸರಳ. ನಾವು ಎಲ್ಲರಿಗೂ ಒಂದೇ ಸಮಯ ಕೊಡ್ತೀವಿ, ಆದ್ದರಿಂದ ಕಲಿಕೆ ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತೆ. ಅದನ್ನು ತಿರುಗಿಸಿ. ಕಲಿಕೆಯ ಮಟ್ಟ ಎಲ್ಲರಿಗೂ ಒಂದೇ ಇರಲಿ, ಅದಕ್ಕೆ ಬೇಕಾದ ಸಮಯ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಪಾಠವನ್ನು ಚಿಕ್ಕ ಚಿಕ್ಕ ಭಾಗ ಮಾಡಿ. ಪ್ರತಿ ಭಾಗದ ಕೊನೆಗೆ ಒಂದು ಪುಟ್ಟ ಟೆಸ್ಟ್ ಇಡಿ, ಅಂಕ ಕೊಡೋದಕ್ಕಲ್ಲ, ಎಲ್ಲಿ ಎಡವಿದ್ದಾರೆ ಅಂತ ನೋಡೋದಕ್ಕೆ. ಎಡವಿದವರಿಗೆ ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಹೇಳಿಕೊಡಿ. ಇನ್ನೊಂದು ಟೆಸ್ಟ್ ಇಡಿ. ಬಂತಾ? ಮುಂದಿನ ಪಾಠಕ್ಕೆ ಹೋಗಿ.

ಓದಿದವರಿಗೆ "ಇದರಲ್ಲಿ ಹೊಸದೇನಿದೆ, ನಮ್ಮ ಸಂಗೀತದ ಮೇಷ್ಟ್ರು ಮಾಡೋದೂ ಇದೇ ಅಲ್ವಾ" ಅನ್ನಿಸಬಹುದು. ನಿಜ. ಆ ಮಾತಿಗೆ ಆಮೇಲೆ ಬರ್ತೀನಿ.

ಇಷ್ಟು ಒಳ್ಳೆ ಐಡಿಯಾ ಇದ್ದರೆ ಮೇಷ್ಟ್ರು ಹಾಗೆ ಪಾಠ ಮಾಡಿಬಿಟ್ಟರೆ ಮುಗೀತಲ್ಲ? ಇಲ್ಲ. ಅಸಲಿ ಕಥೆ ಇಲ್ಲಿಂದ ಶುರು. ಮೇಷ್ಟ್ರು ಹೇಗೆ ಪಾಠ ಮಾಡ್ತಾರೆ ಅನ್ನೋದು ಒಂದು, ಹುಡುಗರಿಗೆ ಅದು ಹೇಗೆ ಕಾಣುತ್ತೆ ಅನ್ನೋದು ಇನ್ನೊಂದು. 1988ರಲ್ಲಿ ಕ್ಯಾರೊಲ್ ಏಮ್ಸ್ ಮತ್ತು ಜೆನಿಫರ್ ಆರ್ಚರ್ ಅನ್ನೋ ಇಬ್ಬರು ಸಂಶೋಧಕರು ಓದಿನಲ್ಲಿ ಮುಂದಿದ್ದ 176 ಶಾಲಾ ಮಕ್ಕಳನ್ನು ಮಾತಾಡಿಸಿದರು. ಕೇಳಿದ್ದು ಮೇಷ್ಟ್ರು ಏನು ಮಾಡ್ತಾರೆ ಅಂತಲ್ಲ, ನಿಮ್ಮ ಕ್ಲಾಸಿನಲ್ಲಿ ಯಾವುದಕ್ಕೆ ಬೆಲೆ ಇದೆ ಅಂತ ನಿಮಗೆ ಅನ್ನಿಸುತ್ತೆ ಅಂತ. ಕಲಿಯೋದಕ್ಕೇ ಇಲ್ಲಿ ಬೆಲೆ ಅಂತ ಕಂಡ ಮಕ್ಕಳು ಓದುವಾಗ ಹೆಚ್ಚು ಉಪಾಯಗಳನ್ನು ಬಳಸ್ತಿದ್ದರು, ಕಷ್ಟದ ಕೆಲಸವನ್ನು ತಾವಾಗೇ ಆರಿಸಿಕೊಳ್ತಿದ್ದರು, ಪ್ರಯತ್ನ ಪಟ್ಟರೆ ಬರುತ್ತೆ ಅಂತ ನಂಬ್ತಿದ್ದರು. ಇನ್ನೊಬ್ಬರಿಗಿಂತ ಮುಂದಿರೋದಕ್ಕೇ ಬೆಲೆ ಅಂತ ಕಂಡ ಮಕ್ಕಳು ಸೋತಾಗ ತಮ್ಮ ತಲೆಯನ್ನೇ ದೂರ್ತಿದ್ದರು.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. "ನನ್ನ ತಲೆಗೆ ಮ್ಯಾಥ್ಸ್ ಹತ್ತಲ್ಲ" ಅನ್ನೋ ಅಣ್ಣನೋ ಅಕ್ಕನೋ ಅತ್ತೆ ಮಗನೋ ನಿಮ್ಮ ಮನೆಯಲ್ಲೂ ಇದ್ದೇ ಇರ್ತಾರೆ. ಕನ್ನಡದಲ್ಲಿ ಎರಡು ಮಾತಿವೆ ನೋಡಿ. ಒಂದು "ಬಂದಿಲ್ಲ". ಇನ್ನೊಂದು "ಬರಲ್ಲ". ಲೆಕ್ಕ ತಪ್ಪಾದ ಹುಡುಗಿಗೆ ಒಂದು ಕ್ಲಾಸು "ನಿಂಗೆ ಇದಿನ್ನೂ ಬಂದಿಲ್ಲ" ಅನ್ನುತ್ತೆ. ಇನ್ನೊಂದು ಕ್ಲಾಸು "ನಿಂಗೆ ಇದು ಬರಲ್ಲ" ಅನ್ನುತ್ತೆ. ಎರಡೂ ಕ್ಲಾಸಿನಲ್ಲಿ ಪುಸ್ತಕ ಒಂದೇ, ಲೆಕ್ಕ ಒಂದೇ. ಮನೆಗೆ ಹೋಗೋ ಹುಡುಗಿ ಮಾತ್ರ ಬೇರೆ ಬೇರೆ.

ಈಗ ನಮ್ಮ ಕಾಲೇಜಿನ ಒಂದು ವಿಷಯ ಹೇಳಬೇಕು. ಕಾಲೇಜಿನ ಹೆಸರು ಬೇಡ. ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್‌ಗೆ ಒಬ್ಬರು ಲೆಕ್ಚರರ್ ಬಂದರು. ಪಾಯಿಂಟರ್ ಒಂದನ್ನೇ ಮೂರು ವಾರ ಎಳೆದರು. ಬೋರ್ಡಿನ ಮೇಲೆ ಡಬ್ಬಿ ಬರೆದು, ಬಾಣ ಬರೆದು, "ಈಗ ಇದನ್ನು ಅಳಿಸಿದರೆ ಆ ಡಬ್ಬಿ ಎಲ್ಲಿ ಹೋಗುತ್ತೆ?" ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳ್ತಿದ್ದರು. ಅಸೈನ್‌ಮೆಂಟ್ ಕೊಟ್ಟರೆ ಅಂಕ ಹಾಕ್ತಿರಲಿಲ್ಲ. ತಪ್ಪಿರೋ ಸಾಲಿನ ಕೆಳಗೆ ಗೆರೆ ಎಳೆದು, "ಇಲ್ಲಿ ಲಿಸ್ಟ್ ಖಾಲಿ ಇದ್ದರೆ ಏನಾಗುತ್ತೆ?" ಅಂತ ಬರೆದು ವಾಪಸ್ ಕೊಡ್ತಿದ್ದರು. ಸರಿ ಮಾಡಿ ಇನ್ನೊಮ್ಮೆ ತರಬೇಕು. ಕೆಲವರು ಮೂರು ಸಲ ತಂದರು.

ಬ್ಲೂಮ್ ನೋಡಿದ್ದರೆ ಅವರ ಬೆನ್ನು ತಟ್ಟುತ್ತಿದ್ದರು. ನಮ್ಮ ಕ್ಲಾಸು ಏನಂತು ಗೊತ್ತಾ? "ಇವರಿಗೆ ಪಾಠ ಮಾಡೋಕೇ ಬರಲ್ಲ ಮಗಾ. ಹೇಳಿಕೊಡೋದು ಬಿಟ್ಟು ನಮ್ಮನ್ನೇ ಕೇಳ್ತಾರೆ." "ಪೋರ್ಷನ್ ಮುಗಿಸಲ್ಲ." "ಬೇರೆ ಸೆಕ್ಷನ್‌ನವರಿಗೆ ನೋಟ್ಸ್ ಕೊಟ್ಟು ಆಯ್ತಂತೆ." ಸೆಮಿಸ್ಟರ್ ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಬಂತು. ಅದರಲ್ಲಿದ್ದ ಪ್ರಶ್ನೆಗಳು: ಸಮಯಕ್ಕೆ ಸರಿಯಾಗಿ ಸಿಲಬಸ್ ಮುಗಿಸಿದರಾ? ನೋಟ್ಸ್ ಕೊಟ್ಟರಾ? ಧ್ವನಿ ಕೇಳಿಸುತ್ತಾ? ನಿಮಗೆ ಬಂತಾ ಅನ್ನೋ ಪ್ರಶ್ನೆ ಒಂದೂ ಇರಲಿಲ್ಲ. ಅವರಿಗೆ ಡಿಪಾರ್ಟ್‌ಮೆಂಟಿನಲ್ಲೇ ಕಡಿಮೆ ಅಂಕ ಬಂತು. ನಾನು ಒಳ್ಳೆ ಅಂಕವನ್ನೇ ಕೊಟ್ಟಿದ್ದೆ, ಕಾರಣ ಏನಪ್ಪಾ ಅಂದ್ರೆ ಅಟೆಂಡೆನ್ಸ್ ವಿಷಯದಲ್ಲಿ ಅವರು ತುಂಬಾ ಉದಾರಿ :) ಮುಂದಿನ ವರ್ಷ ಅವರಿಗೆ ಆ ವಿಷಯ ಕೊಡಲಿಲ್ಲ. ಅದರ ಮುಂದಿನ ವರ್ಷ ಅವರು ಕಾಲೇಜಿನಲ್ಲಿ ಇರಲಿಲ್ಲ.

ನಮ್ಮ ಕ್ಲಾಸಿನವರು ಕೆಟ್ಟವರಾಗಿದ್ದರಾ? ಖಂಡಿತ ಅಲ್ಲ. ಚೆನ್ನಾಗಿ ಕಲಿಸೋ ಪಾಠ ಕಲಿಯೋನಿಗೆ ಕೆಟ್ಟ ಪಾಠದ ಹಾಗೆ ಕಾಣೋದು ನಮ್ಮೂರಿಗೆ ಮಾತ್ರ ಸೇರಿದ ರೋಗ ಅಲ್ಲ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಕ್ಲಾಸುಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಜೊತೆಗಾರರು ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ನುರಿತ ಉಪನ್ಯಾಸಕರಿಂದ ಸೊಗಸಾದ ಉಪನ್ಯಾಸ. ಇನ್ನೊಂದು ಗುಂಪಿಗೆ ಅದೇ ವಿಷಯ, ಆದರೆ ಮೊದಲು ತಾವೇ ಗುಂಪಿನಲ್ಲಿ ಕೂತು ಲೆಕ್ಕ ಬಿಡಿಸಲು ಒದ್ದಾಡಬೇಕು. ಟೆಸ್ಟ್ ಇಟ್ಟಾಗ ಒದ್ದಾಡಿದವರೇ ಹೆಚ್ಚು ಕಲಿತಿದ್ದರು. "ಎಷ್ಟು ಕಲಿತಿರಿ ಅನ್ನಿಸುತ್ತೆ?" ಅಂತ ಕೇಳಿದರೆ ಮಾತ್ರ ಅವರೇ ಕಡಿಮೆ ಅಂದರು! ಉಪನ್ಯಾಸ ಕೇಳಿದವರಿಗೆ ಎಲ್ಲ ನೀರು ಕುಡಿದಷ್ಟು ಸುಲಭವಾಗಿ ಅರ್ಥವಾದ ಹಾಗೆ ಅನ್ನಿಸಿತ್ತು. ಒದ್ದಾಡಿದವರಿಗೆ ಒದ್ದಾಟವಷ್ಟೇ ನೆನಪಿತ್ತು.

ಅಂದರೆ ಕಲಿತ ಅನುಭವ ಬೇರೆ, ಕಲಿಕೆ ಬೇರೆ. ಜಿಮ್‌ಗೆ ಹೋದ ಮೊದಲ ವಾರ ಮೈಕೈ ನೋವು ಬಂದರೆ "ಈ ಜಿಮ್ ಸರಿಯಿಲ್ಲ" ಅಂತ ಯಾರೂ ಹೇಳಲ್ಲ. ನೋವು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಓದಿನ ವಿಷಯದಲ್ಲಿ ಮಾತ್ರ ತಲೆ ಬಿಸಿಯಾದರೆ ತಪ್ಪು ಮೇಷ್ಟ್ರದ್ದು, ಇಲ್ಲಾ ನಮ್ಮ ತಲೆಯದ್ದು.

ಇನ್ನು ಅಂಕದ ವಿಷಯ. "ಅಂಕವೂ ಕೊಡಿ, ತಪ್ಪೂ ತಿಳಿಸಿ, ಎರಡೂ ಇರಲಿ ಬಿಡಿ" ಅಂತ ರಾಜಿ ಮಾಡಿಸೋರು ಇರ್ತಾರೆ. 1988ರಲ್ಲೇ ರೂತ್ ಬಟ್ಲರ್ ಇಸ್ರೇಲಿನ ಐದು ಮತ್ತು ಆರನೇ ಕ್ಲಾಸಿನ ಮಕ್ಕಳ ಜೊತೆ ಇದನ್ನು ಪರೀಕ್ಷೆ ಮಾಡಿದರು. ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕಿದ ಮಕ್ಕಳ ಆಸಕ್ತಿ ಉಳಿಯಿತು, ಕೆಲಸವೂ ಚೆನ್ನಾಗಿ ಆಯಿತು. ಎರಡೂ ಸಿಕ್ಕಿದವರು ಹೆಚ್ಚುಕಡಿಮೆ ಬರೀ ಅಂಕ ಸಿಕ್ಕಿದವರ ಹಾಗೇ ಆದರು. ನಮಗೆ ಇದಕ್ಕೆ ಸಂಶೋಧನೆ ಬೇಕಾ? ಉತ್ತರ ಪತ್ರಿಕೆ ಕೈಗೆ ಬಂದ ತಕ್ಷಣ ನಾವು ಮಾಡೋದು ಮೂರೇ ಕೆಲಸ. ನಮ್ಮ ಅಂಕ ನೋಡೋದು, ಪಕ್ಕದವನ ಅಂಕ ನೋಡೋದು, ಟೋಟಲ್ ತಪ್ಪಿದೆಯಾ ಅಂತ ಕೂಡಿ ನೋಡೋದು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ಓದಿದವರು ಕೈ ಎತ್ತಿ!

ಈ ಕಡೆ ನಮ್ಮ ಕೋಡಿಂಗ್ ಲ್ಯಾಬ್‌ಗಳನ್ನು ನೋಡಿ. ಇಂಜಿನಿಯರಿಂಗ್ ಮಾಡಿದವರಿಗೆ ಗೊತ್ತು, ಸೆಮಿಸ್ಟರಿಗೆ ಇಷ್ಟು ಪ್ರೋಗ್ರಾಂ ಅಂತ ಪಟ್ಟಿ ಇರುತ್ತೆ. ಎಕ್ಸಾಮ್ ದಿನ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಬರೆದು ಔಟ್‌ಪುಟ್ ತೋರಿಸಬೇಕು. ಹುಡುಗರು ಅದನ್ನು ಹೆಸರಿನಿಂದಲೂ ಕರೆಯಲ್ಲ, "ಏಳನೇ ಪ್ರೋಗ್ರಾಂ", "ಒಂಬತ್ತನೇ ಪ್ರೋಗ್ರಾಂ" ಅಂತಾರೆ. ಸೆಮಿಕೋಲನ್ ಸಮೇತ ಉರು ಹೊಡೆದು ಬಂದಿರ್ತಾರೆ. ಇವರಲ್ಲಿ ಕೆಲವರು ಆಮೇಲೆ ನಮ್ಮ ಮುಂದೆ ಇಂಟರ್‌ವ್ಯೂಗೆ ಕೂರ್ತಾರೆ. ಲಿಂಕ್ಡ್ ಲಿಸ್ಟ್ ಅಂದರೇನು ಅಂದರೆ ಪುಸ್ತಕದ ವ್ಯಾಖ್ಯೆ ಅಕ್ಷರ ತಪ್ಪದೆ ಬರುತ್ತೆ. "ಸರಿ, ಕೊನೆಯಿಂದ ಎರಡನೇದನ್ನು ತೆಗೆದು ಹಾಕಪ್ಪಾ" ಅಂದರೆ ಬೆವರು. ಆ ಹುಡುಗ ದಡ್ಡ ಅಲ್ಲ. ಹದಿನಾರು ವರ್ಷ ಶಾಲೆ ಕಾಲೇಜು ಕೇಳಿದ್ದನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದಾನೆ. ಆಟದ ನಿಯಮ ಬದಲಾಗಿದೆ ಅಂತ ಅವನಿಗೆ ಹೇಳಿದವರು ಯಾರೂ ಇಲ್ಲ, ಅಷ್ಟೇ. ಅಂಥ ಹುಡುಗನನ್ನು "ಥ್ಯಾಂಕ್ಸ್, ಎಚ್‌ಆರ್ ತಿಳಿಸ್ತಾರೆ" ಅಂತ ಕಳಿಸುವಾಗ ನಿಜವಾಗಿಯೂ ಹೊಟ್ಟೆ ಉರಿಯುತ್ತೆ.

ತಮಾಷೆ ಅಂದರೆ ಕೆಲಸಕ್ಕೆ ಸೇರಿದ ಮೇಲೆ ನಾವೆಲ್ಲ ಬ್ಲೂಮ್ ಹೇಳಿದ ಹಾಗೇ ಬದುಕ್ತೀವಿ. ಬಿಲ್ಡ್ ಹತ್ತು ಸಲ ಫೇಲ್ ಆಗುತ್ತೆ, ಹನ್ನೊಂದನೇ ಸಲ ಪಾಸ್ ಆಗುತ್ತೆ. ಮ್ಯಾನೇಜರ್ ಬಂದು "ಹನ್ನೊಂದಕ್ಕೆ ಒಂದೇ ಸಲ ಪಾಸ್, ಸರಾಸರಿ ತೆಗೆದರೆ ನೂರಕ್ಕೆ ಒಂಬತ್ತು" ಅಂತ ನೋಟೀಸ್ ಅಂಟಿಸಲ್ಲ. ಕೋಡ್ ರಿವ್ಯೂನಲ್ಲಿ ಯಾರೂ ಹತ್ತಕ್ಕೆ ಆರು ಅಂತ ಕೊಟ್ಟು ಮುಂದೆ ಹೋಗಲ್ಲ. "ಇದನ್ನು ಸರಿಮಾಡು" ಅಂತ ಬರೀತಾರೆ, ನಾವು ಸರಿಮಾಡ್ತೀವಿ. ಹತ್ತಕ್ಕೆ ಆರು ಬಂದ ಸೇತುವೆ ಮೇಲೆ ಬಸ್ಸು ಓಡಿಸ್ತೀರಾ? ಕಾಲೇಜಿನಲ್ಲಿ ಮಾತ್ರ ಪಾಯಿಂಟರ್ ಹತ್ತಕ್ಕೆ ನಾಲ್ಕು ಬಂದವನನ್ನು "ಪಾಸ್" ಅಂತ ಹೇಳಿ ಟ್ರೀ, ಗ್ರಾಫ್ ಕಡೆ ಓಡಿಸ್ತೀವಿ. ಅಡಿಪಾಯದಲ್ಲಿ ಆರು ಇಟ್ಟಿಗೆ ಇಲ್ಲ, ಮೇಲೆ ಮಹಡಿ ಕಟ್ಟಿ!

ಈಗ ಸಂಗೀತದ ಮೇಷ್ಟ್ರ ವಿಷಯಕ್ಕೆ ಬರ್ತೀನಿ. ಸರಳೆ ಬಂದ ಮೇಲೆ ಜಂಟಿ, ಜಂಟಿ ಬಂದ ಮೇಲೆ ಅಲಂಕಾರ, ಆಮೇಲೆ ಗೀತೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಸಂಪ್ರದಾಯ ಹೇಳುತ್ತೆ. ಮೂರು ಕಾಲದಲ್ಲೂ ತಾಳ ತಪ್ಪದೆ ಬರೋ ತನಕ ಮುಂದಿನದು ಇಲ್ಲ. ಮಕ್ಕಳಿಗೆ ಬೇಸರ ಆಗುತ್ತೆ, ಅದು ಬೇರೆ ಮಾತು. ಆದರೆ "ಮೇಷ್ಟ್ರು ಪೋರ್ಷನ್ ಮುಗಿಸಲ್ಲ" ಅಂತ ಯಾರೂ ಹೇಳಿದ್ದು ಕೇಳಿಲ್ಲ. ಯಾಕೆ? ನನಗೆ ಎರಡು ಕಾರಣ ಕಾಣುತ್ತೆ. ಒಂದು, ಅಪಸ್ವರ ಹಾಡಿದ ಮಗುವಿನ ಕಿವಿಗೇ ಬೀಳುತ್ತೆ. ಹೋದ ತಿಂಗಳಿಗಿಂತ ಈ ತಿಂಗಳು ಸ್ವರ ಗಟ್ಟಿಯಾಗಿದೆ ಅನ್ನೋದೂ ಅದೇ ಕಿವಿಗೆ ಗೊತ್ತಾಗುತ್ತೆ, ಯಾರೂ ಅಂಕ ಕೊಟ್ಟು ತಿಳಿಸಬೇಕಿಲ್ಲ. ಎರಡು, ಮೇಷ್ಟ್ರ ಬಾಯಿ, ಕೈ ಎರಡೂ ಒಂದೇ ಮಾತು ಹೇಳುತ್ತವೆ. ಬಂದರೆ ಮುಂದಕ್ಕೆ, ಬರದಿದ್ದರೆ ಇನ್ನೊಮ್ಮೆ. ಮಧ್ಯೆ ರಾಂಕ್ ಇಲ್ಲ.

ಇದೆಲ್ಲ ಸಂಗೀತಕ್ಕೆ ಸರಿ, ಸರ್ಕಾರಿ ಶಾಲೆಗೆ ಆಗುತ್ತಾ ಅಂದರೆ, ನಮ್ಮಲ್ಲೇ ಆಗಿದೆ ಸ್ವಾಮಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಮಾಡಿದ್ದು. ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು, ಕಲಿಕೆಯ ಏಣಿ ಮಾಡಿ, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತೋದು. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆಮೇಲೆ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಮಕ್ಕಳಿಗೆ ಅದು ಆಟದ ಹಾಗೆ ಕಾಣುತ್ತೆ. ಆದರೆ "ಬರೀ ಹಾಡು, ಕಾರ್ಡು. ಹೋಂವರ್ಕೇ ಇಲ್ಲ, ಏನು ಕಲೀತಾರೋ" ಅಂತ ಪಕ್ಕದ ಕಾನ್ವೆಂಟಿಗೆ ಮಗುವನ್ನು ಸೇರಿಸೋ ಅಪ್ಪ ಅಮ್ಮನನ್ನು ನೀವೂ ನೋಡಿರ್ತೀರಿ. ಕಾಣೋದರ ಸಮಸ್ಯೆ ದೊಡ್ಡವರಿಗೂ ಇದೆ!

ಇನ್ನೊಂದು ಉದಾಹರಣೆ. 2023-24ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಕೊಟ್ಟರು. ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ ಉಳಿಯುತ್ತೆ. "ಪೂರಕ ಪರೀಕ್ಷೆ" ಅನ್ನೋ ಹೆಸರೇ ಹೋಯಿತು. ಬಹಳ ಜನ ನಕ್ಕರು, ನನಗೆ ಮಾತ್ರ ಆ ಹೆಸರು ಹೋಗಿದ್ದೇ ಖುಷಿ. ಸಪ್ಲಿಮೆಂಟರಿ ಬರೆಯೋದು ಅಂದರೆ ಬೀದಿಗೆಲ್ಲ ಗೊತ್ತಾಗೋ ಅವಮಾನ, ಪರೀಕ್ಷೆ-2 ಅಂದರೆ ಇನ್ನೊಂದು ಪ್ರಯತ್ನ. "ಬರಲ್ಲ" ಹೋಗಿ "ಬಂದಿಲ್ಲ" ಬಂತು. ಆದರೆ ಬ್ಲೂಮ್ ಹೇಳಿದ್ದರಲ್ಲಿ ಇದು ಅರ್ಧ ಮಾತ್ರ. ಎರಡು ಪರೀಕ್ಷೆಗಳ ನಡುವೆ ಎಡವಿದ ಜಾಗವನ್ನು ಬೇರೆ ರೀತಿಯಲ್ಲಿ ಹೇಳಿಕೊಡೋದು ಗಟ್ಟಿಯಾಗಿ ಇಲ್ಲದಿದ್ದರೆ, ಎರಡನೇ ಪರೀಕ್ಷೆ ಹುಡುಗರಿಗೆ ಲಾಟರಿ ಟಿಕೆಟ್ ಆಗಿ ಕಾಣುತ್ತೆ. ಈ ಸಲ ಸುಲಭದ ಪೇಪರ್ ಬರಬಹುದು ಅನ್ನೋ ಆಸೆ.

ಇದಕ್ಕೆ ಅಡ್ಡಿಗಳಿವೆ, ಒಪ್ಪುತ್ತೀನಿ. ಒಂದು ಸೆಕ್ಷನ್ನಿಗೆ ಅರವತ್ತು ಎಪ್ಪತ್ತು ಹುಡುಗರಿರುವಾಗ ಒಬ್ಬೊಬ್ಬರ ಪುಸ್ತಕದಲ್ಲೂ ಟಿಪ್ಪಣಿ ಬರೆಯೋದು ತಮಾಷೆ ಅಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲಿ ಗುಂಡು ಹೊಡೆಯೋ ಹುಡುಗನಿಗೆ "ನಿಧಾನವಾಗಿ ಕಲಿ" ಅನ್ನೋದು ಹೇಗೆ? ಇನ್ನೂ ಒಂದಿದೆ. 1990ರಲ್ಲಿ ಕುಲಿಕ್ ದಂಪತಿ ಮತ್ತು ಬ್ಯಾಂಗರ್ಟ್-ಡ್ರೌನ್ಸ್ ಇಂಥ ಕಲಿಕೆಯ ಬಗ್ಗೆ ನಡೆದ 108 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪರೀಕ್ಷೆಯ ಫಲಿತಾಂಶ ಉತ್ತಮವಾಗಿತ್ತು, ಅದರಲ್ಲೂ ಹಿಂದುಳಿದವರಿಗೆ ಹೆಚ್ಚು ಲಾಭ. ವಿಷಯದ ಮೇಲೆ, ಪಾಠದ ಮೇಲೆ ವಿದ್ಯಾರ್ಥಿಗಳ ಅಭಿಪ್ರಾಯವೂ ಒಳ್ಳೆಯದಾಗಿತ್ತು. ಆದರೆ ಕಾಲೇಜಿನಲ್ಲಿ "ನಿಮ್ಮ ವೇಗದಲ್ಲಿ ನೀವೇ ಮಾಡಿ" ಅಂತ ಪೂರ್ತಿ ಬಿಟ್ಟುಬಿಟ್ಟ ಕಡೆ ಕೋರ್ಸ್ ಮುಗಿಸುವವರ ಸಂಖ್ಯೆ ಇಳಿದಿತ್ತು. ಸಮಯ ಸಡಿಲ ಬಿಟ್ಟರೆ ನಾಳೆ ನಾಳೆ ಅನ್ನೋ ಗುಣ ಎಲ್ಲ ದೇಶದ ಹುಡುಗರಿಗೂ ಒಂದೇ :) ಹಾಗಾಗಿ ಗಡುವು ಬೇಡ ಅಂತ ನಾನು ಹೇಳ್ತಿಲ್ಲ. ಗಡುವು ಇರಲಿ, ಗಡುವಿನ ಒಳಗೆ ಎರಡನೇ ಪ್ರಯತ್ನಕ್ಕೆ ಬೆಲೆ ಇರಲಿ.

ಮೇಷ್ಟ್ರಾಗಿರೋ ಮಿತ್ರರಿಗೆ ನನ್ನ ವಿನಂತಿ ಮೂರೇ. ಸಿಲಬಸ್ ಬದಲಾಯಿಸೋದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಇವು ಇರಬಹುದು ಅಂತ ಆಸೆ.

ಒಂದು, ಮೂರು ಇಂಟರ್ನಲ್ಸ್‌ನ ಸರಾಸರಿ ತೆಗೆಯೋ ಕಡೆ, ಮೊದಲ ಟೆಸ್ಟಿನಲ್ಲಿ ತಪ್ಪಿದ್ದನ್ನು ಆಮೇಲೆ ಸರಿಯಾಗಿ ಮಾಡಿ ತೋರಿಸಿದವನಿಗೆ ಆ ಅಂಕ ವಾಪಸ್ ಸಿಗೋ ಒಂದು ದಾರಿ ಇಡಿ. ಅರ್ಥ ಮಾಡ್ಕೊಳ್ಳಿ ಅಂತ ನೂರು ಸಲ ಹೇಳೋದಕ್ಕಿಂತ ಇದೊಂದು ಕಂಡರೆ ಹುಡುಗರು ನಂಬ್ತಾರೆ. ಎರಡು, ಟಿಪ್ಪಣಿ ಮೊದಲು ಕೊಡಿ, ಅಂಕ ಎರಡು ದಿನ ಬಿಟ್ಟು ಹೇಳಿ. ಮೂರು, ಒದ್ದಾಟ ಆಗುತ್ತೆ, ಅದು ಕಲಿಕೆಯ ಲಕ್ಷಣ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಹಾರ್ವರ್ಡಿನವರು ಕೂಡ ಸೆಮಿಸ್ಟರಿನ ಆರಂಭದಲ್ಲೇ ಇದನ್ನು ವಿವರಿಸಿ ಅಂತಲೇ ಸಲಹೆ ಕೊಟ್ಟರು. ನಮ್ಮ ಡೇಟಾ ಸ್ಟ್ರಕ್ಚರ್ಸ್ ಲೆಕ್ಚರರ್ ಎಲ್ಲ ಸರಿಯಾಗಿ ಮಾಡಿದರು, ಇದೊಂದನ್ನು ಹೇಳಲಿಲ್ಲ. ಯಾಕೆ ಹೀಗೆ ಪಾಠ ಮಾಡ್ತೀನಿ ಅಂತ ಹತ್ತು ನಿಮಿಷ ಹೇಳಿದ್ದರೆ ಫೀಡ್‌ಬ್ಯಾಕ್ ಬೇರೆ ಆಗ್ತಿತ್ತೇನೋ.

ಅಪ್ಪ ಅಮ್ಮ ಆಗಿರೋ ಮಿತ್ರರಿಗೂ ಒಂದು ಮಾತು. ಸಂಜೆ ಶಾಲೆಯಿಂದ ಬಂದ ಮಗುವಿಗೆ "ಎಷ್ಟು ಬಂತು?" ಅಂತ ಕೇಳ್ತೀವಿ. "ಏನು ಬಂತು?" ಅಂತ ಕೇಳಿ ನೋಡಿ. ಒಂದೇ ಪದದ ವ್ಯತ್ಯಾಸ. ಮೊದಲ ವಾರ ಮಗು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು. ಅದಕ್ಕೂ ಸ್ವಲ್ಪ ಸಮಯ ಕೊಡಿ.

ನಿಮ್ಮ ಊರಿನ ಶಾಲೆಯಲ್ಲಿ, ಕಾಲೇಜಿನಲ್ಲಿ ಬರೋ ತನಕ ಬಿಡದೆ ಕಲಿಸಿದ ಮೇಷ್ಟ್ರು ಇದ್ದರಾ? ಆಗ ಅವರು ನಿಮಗೆ ಹೇಗೆ ಕಂಡಿದ್ದರು, ಈಗ ಹೇಗೆ ಕಾಣ್ತಾರೆ? ಬರೀರಿ, ಓದೋದಕ್ಕೆ ಕಾಯ್ತಿರ್ತೀನಿ.